ಅವನ ಕೈಗೆ ತಕ್ಕ ತಂತಿ

ಅವನು ಗಿಟಾರ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಬಂದದ್ದು ಬಿಸಿ ಬ್ರೆಡ್ಡಿನ ವಾಸನೆ. ನಮ್ಮ ವಾದ್ಯ ರಿಪೇರಿ ಅಂಗಡಿಯ ಹಿಂದಿನ ಮೇಜಿನಲ್ಲಿ ಪಿಟೀಲಿಗೆ ಅಂಟು ಹಚ್ಚುತ್ತಿದ್ದ ಅಪ್ಪ ಮೂಗರಳಿಸಿ, "ಯಾರಮ್ಮಾ ತಿಂಡಿ ತಂದಿರೋದು?" ಎಂದರು.

"ತಿಂಡಿ ಅಲ್ಲಪ್ಪ, ಗಿರಾಕಿ," ಎಂದೆ.

ಗಿರಾಕಿ ನಕ್ಕ. ಮೊಣಕೈವರೆಗೆ ಮಡಚಿದ ತೋಳಿನ ಮೇಲೆ ಹಿಟ್ಟು ಅಂಟಿಕೊಂಡಿತ್ತು. "ಬೇಕರೀಲಿ ಕೆಲಸ. ಬೆಳಗ್ಗೆ ಹಿಟ್ಟು ನಾದ್ತೀನಿ, ಸಂಜೆ ಇದನ್ನ ನುಡಿಸ್ತೀನಿ. ಈಚೆಗೆ ಝುಂಯ್ ಅಂತ ಸದ್ದು ಬರ್ತಿದೆ, ಸ್ವಲ್ಪ ನೋಡಿ."

ನೋಡಿದೆ. ನೋಡುತ್ತಲೇ ನಿಂತುಬಿಟ್ಟೆ. ನಮ್ಮಿಬ್ಬರಿಗಿಂತಲೂ ವಯಸ್ಸಾದ, ಜಪಾನಿನಲ್ಲಿ ಮಾಡಿದ ಎಲೆಕ್ಟ್ರಿಕ್ ಗಿಟಾರ್! ಕಡುಗೆಂಪು ಬಣ್ಣ, ತೋಳು ಉಜ್ಜುವ ಅಂಚಿನಲ್ಲಿ ಮಾತ್ರ ಸವೆದು ಒಳಗಿನ ಮರ ಕಾಣುತ್ತಿತ್ತು. ಕೈ ಒರೆಸಿಕೊಂಡು ಮೆಲ್ಲಗೆ ಎತ್ತಿಕೊಂಡೆ.

"ಇದು ಎಲ್ಲಿ ಸಿಕ್ತು ನಿಮಗೆ?"

"ನಮ್ಮ ಸೋದರಮಾವ ಹಡಗಲ್ಲಿ ಅಡುಗೆ ಮಾಡ್ತಿದ್ರು. ಅಲ್ಲಿ ಯಾವುದೋ ಬಂದರಲ್ಲಿ ತಗೊಂಡ್ರಂತೆ. ಅವರಿಗೆ ನುಡಿಸೋಕೆ ಬರ್ತಿರಲಿಲ್ಲ, ನೋಡೋಕೆ ಚೆನ್ನಾಗಿದೆ ಅಂತ ತಗೊಂಡಿದ್ದು." ಅವನು ತಲೆ ಕೆರೆದುಕೊಂಡ. "ಎಲ್ಲರೂ ಇದು ಅಮೆರಿಕದ ಗಿಟಾರಿನ ಕಾಪಿ ಅಂತಾರೆ."

"ಹಾಗಂದವರ ಬಾಯಿಗೆ ಬೀಗ ಹಾಕಿ," ಎಂದು ಸಿಡುಕಿದೆ. ತಂತಿ ಬಿಚ್ಚಿ, ನಾಲ್ಕು ತಿರುಪು ತೆಗೆದು, ನೆಕ್ಕನ್ನು, ಅಂದರೆ ಗಿಟಾರಿನ ಉದ್ದ ಕತ್ತನ್ನು, ಬೇರೆ ಮಾಡಿ ಅವನ ಮುಂದೆ ಹಿಡಿದೆ. "ಮಾಡಿದವರು ಕಾಪಿ ಮಾಡೋಕೇ ಕೂತಿದ್ದಿರಬಹುದು. ಆದರೆ ಈ ಕೂಡಿಕೆ ನೋಡಿ, ಮಧ್ಯೆ ಒಂದು ಕಾಗದ ತೂರಿಸೋಕಾಗಲ್ಲ. ಲೋಹದ ಈ ಅಡ್ಡಪಟ್ಟಿಗಳ, ಅಂದ್ರೆ ಫ್ರೆಟ್‌ಗಳ ತುದಿ ಮುಟ್ಟಿ ನೋಡಿ. ಒಂದೊಂದನ್ನೂ ಕೈಯಲ್ಲೇ ಉಜ್ಜಿ ದುಂಡಗೆ ಮಾಡಿದಾರೆ. ವೈರು ಕೂರಿಸೋ ಗುಂಡಿ ನೋಡಿ, ಯಾರೂ ಇಣುಕಿ ನೋಡದ ಜಾಗ. ಅಲ್ಲೂ ಮರ ಎಷ್ಟು ನಯವಾಗಿದೆ! ಯಾರು ನೋಡ್ತಾರೆ ಬಿಡು ಅಂತ ಅವರಿಗೆ ಅನ್ನಿಸಲೇ ಇಲ್ಲ."

"ನೀವೀಗ ಮಾತಾಡ್ತಿರೋದು ನನ್ನ ಜೊತೆನಾ, ಗಿಟಾರ್ ಜೊತೆನಾ?"

"ಸದ್ಯಕ್ಕೆ ಗಿಟಾರ್ ಜೊತೆ."

ಅವನು ಕಣ್ಣಲ್ಲೇ ನಕ್ಕ. ಆಮೇಲೆ ಗಂಭೀರನಾದ. "ಶನಿವಾರ ಸೆಲೆಕ್ಷನ್ ಇದೆ. ದೊಡ್ಡ ಬ್ಯಾಂಡು. ಅವರ ಗಿಟಾರಿಸ್ಟ್ ಬಿಟ್ಟು ಹೋಗಿದ್ದಾನೆ. ಒಂದು ಹಾಡು ನುಡಿಸೋಕೆ ನನ್ನನ್ನೂ ಕರೆದಿದ್ದಾರೆ. ಇಂಥ ಕರೆ ಮತ್ತೆ ಬರಲ್ಲ ನನಗೆ. ದಯವಿಟ್ಟು ಕೈಬಿಡಬೇಡಿ."

"ಬಿಡ್ತೀನಾ?" ಎಂದೆ.

ಮುಂದಿನ ದಿನಗಳಲ್ಲಿ ನನಗೆ ಹಸಿವು ನಿದ್ದೆ ಯಾವುದರ ಪರಿವೆಯೂ ಇರಲಿಲ್ಲ. ಸವೆದ ಫ್ರೆಟ್‌ಗಳನ್ನು ಮಟ್ಟ ಮಾಡಿ ಕನ್ನಡಿಯಂತೆ ಹೊಳೆಯಿಸಿದೆ. ಇಷ್ಟು ವರ್ಷವಾಗಿದ್ದರೂ ನೆಕ್ ಕೂದಲೆಳೆಯಷ್ಟೂ ಬಾಗಿರಲಿಲ್ಲ. ಅಂಥ ನೆಕ್ ಇದ್ದರೆ ತಂತಿಯನ್ನು ಅದರ ಮೈಗೆ ಹತ್ತಿರ ಎಷ್ಟು ಬೇಕಾದರೂ ಕೆಳಗಿಳಿಸಬಹುದು. ಇಳಿಸಿದೆ, ಇನ್ನೂ ಇಳಿಸಿದೆ. ತೆಳು ತಂತಿ ಹಾಕಿ ನುಡಿಸಿ ನೋಡಿದೆ. ಬೆರಳು ತಾಗಿಸಿದರೆ ಸಾಕು, ಸ್ವರ ತಾನಾಗಿ ಹಾರಿ ಬರುತ್ತಿತ್ತು! ಖುಷಿಗೆ ನಾನು ಒಬ್ಬಳೇ ನಕ್ಕೆ. ಊಟಕ್ಕೆ ಕರೆದೂ ಕರೆದೂ ಅಪ್ಪ ಸುಸ್ತಾದರು.

ಶುಕ್ರವಾರ ಅವನು ಬಂದಾಗ ಒಲೆಯಲ್ಲಿ ಬನ್ ಇಟ್ಟು ಬಂದಿದ್ದನಂತೆ, ನುಡಿಸಿ ನೋಡಲು ಪುರುಸೊತ್ತಿರಲಿಲ್ಲ. ಪೆಟ್ಟಿಗೆ ಎತ್ತಿಕೊಂಡು, ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಓಡಿದ. ಆ ನೋಟ ನನಗೋ ಅಂಗಡಿಗೋ ಎಂದು ತಿಳಿಯದೆ ದಿನವೆಲ್ಲ ಒದ್ದಾಡಿದೆ.

ಶನಿವಾರ ಬೆಳಗ್ಗೆ ನಾನು ಅಂಗಡಿ ತೆರೆಯುವಷ್ಟರಲ್ಲಿ ಅವನು ಮೆಟ್ಟಿಲ ಮೇಲೆ ಕೂತಿದ್ದ. ಮುಖ ಕೆಂಪಾಗಿತ್ತು.

"ಏನು ಮಾಡಿದ್ರಿ ಇದಕ್ಕೆ? ತಂತೀನೇ ಕೈಗೆ ಸಿಕ್ತಿಲ್ಲ. ಒತ್ತಿದ್ರೆ ಸ್ವರ ಓರೆಯಾಗತ್ತೆ, ಎಳೆದ್ರೆ ಬೆರಳ ಕೆಳಗಿಂದ ಜಾರಿ ಹೋಗತ್ತೆ. ಮಧ್ಯಾಹ್ನ ಸೆಲೆಕ್ಷನ್ ರೀ!"

"ತಂತಿ ಇಷ್ಟು ಕೆಳಗೆ ಕೂರೋದು ಎಂಥೆಂಥ ಗಿಟಾರಿಗೂ ಆಗಲ್ಲ. ಇದಕ್ಕಾಯ್ತು, ಗೊತ್ತಾ?"

"ಆಯ್ತು, ಸರಿ. ಯಾರಿಗೆ ಬೇಕಿತ್ತು ಅದು?"

ನನಗೆ ರೇಗಿತು. ಗಿಟಾರ್ ಕಿತ್ತುಕೊಂಡು ನುಡಿಸಿ ತೋರಿಸಿದೆ. ಅವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಸಿಟ್ಟು ಇಳಿದು, ದನಿ ಸಣ್ಣಗಾಯಿತು. "ಚೆನ್ನಾಗಿದೆ. ಅದು ನಿಮ್ಮ ಕೈಗೆ ಚೆನ್ನಾಗಿ ಕೂತಿದೆ. ನನ್ನ ಕೈನ ನೀವು ನೋಡಿದ್ರಾ?"

ನೋಡಿರಲಿಲ್ಲ. ಗಿಟಾರಿನ ಮೋಹದಲ್ಲಿ ಅದರ ಒಡೆಯನನ್ನೇ ಮರೆತು, ಅದನ್ನು ನನ್ನದೆಂಬಂತೆ ಹೊಂದಿಸಿಬಿಟ್ಟಿದ್ದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಅವನಿಗೆ ಬಂದ ಒಂದೇ ಅವಕಾಶಕ್ಕೆ ನಾನೇ ಕಲ್ಲು ಹಾಕಿದ್ದೆ.

"ಗಿರಾಕಿ ನುಡಿಸೋದನ್ನ ನೋಡದೆ ತಂತಿ ಮುಟ್ಟಬೇಡ ಅಂತ ಎಷ್ಟು ಸಲ ಹೇಳಿದೀನಿ ನಿನಗೆ?" ಎಂದರು ನನ್ನ ಹಿಂದೆಯೇ ಬಂದು ಎಲ್ಲ ಕೇಳಿಸಿಕೊಂಡ ಅಪ್ಪ. ಆಮೇಲೆ ನಮ್ಮಿಬ್ಬರ ಮುಖ ನೋಡಿ, "ಸರಿ, ನಾನೊಂದು ಕಾಫಿ ಕುಡಿದು ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದರು. ಅಪ್ಪ ಆಗಷ್ಟೇ ಮನೆಯಲ್ಲಿ ಕಾಫಿ ಕುಡಿದು ಬಂದಿದ್ದರು.

ನಾನು ಸ್ಟೂಲ್ ಎಳೆದುಕೊಂಡು ಅವನ ಎದುರು ಕೂತೆ. "ನುಡಿಸಿ. ನೋಡ್ತೀನಿ."

ಅಗಲವಾದ ಅಂಗೈ, ದಪ್ಪ ಗೆಣ್ಣು, ಬಿಸಿ ತಟ್ಟೆ ತಾಗಿ ಆದ ಸುಟ್ಟ ಕಲೆಗಳು. ಹಿಟ್ಟು ನಾದಿ ನಾದಿ ಗಟ್ಟಿಯಾದ ಬೆರಳುಗಳು ತಂತಿಯನ್ನೂ ಹಾಗೆಯೇ ನಾದುತ್ತಿದ್ದವು. ಅವುಗಳಿಗೆ ನಾನು ಹಾಕಿದ ತೆಳು ತಂತಿ ಎಲ್ಲಿ ಸಾಕಾಗಬೇಕು! ನನ್ನ ಬೆರಳನ್ನು ಅವನ ಬೆರಳಿನ ಕೆಳಗಿಟ್ಟೆ.

"ಒತ್ತಿ."

"ನೋವಾಗತ್ತೆ ನಿಮಗೆ."

"ಎಷ್ಟು ಒತ್ತುತ್ತೀರಿ ಅಂತ ನನಗೆ ಗೊತ್ತಾಗ್ಬೇಕಲ್ಲ. ಒತ್ತಿ."

ಒತ್ತಿದ. ನೋವಾಯಿತು. ಕೈ ಹಿಂದಕ್ಕೆ ತೆಗೆಯಲು ಮನಸ್ಸಾಗಲಿಲ್ಲ. ತಲೆ ಎತ್ತಿದರೆ ಅವನು ನನ್ನನ್ನೇ ನೋಡುತ್ತಿದ್ದ, ಅಷ್ಟು ಹತ್ತಿರದಿಂದ. ರೆಪ್ಪೆಯ ಮೇಲೂ ಒಂದಿಷ್ಟು ಹಿಟ್ಟಿತ್ತು.

"ಗೊತ್ತಾಯ್ತಾ?" ಎಂದ.

"ಹೂಂ," ಎಂದೆ. ಕಿವಿ ಬಿಸಿಯಾಗಿತ್ತು.

ದಪ್ಪ ತಂತಿ ಹಾಕಿದೆ. ತಂತಿಯನ್ನು ಎತ್ತಿ ಹಿಡಿಯುವ ಬ್ರಿಡ್ಜಿನ ತಿರುಪನ್ನು ನಾನು ಒಂದಿಷ್ಟು ತಿರುಗಿಸುವುದು, ಅವನು ನುಡಿಸುವುದು. "ಈಗ?" "ಇನ್ನೂ ಸ್ವಲ್ಪ ಮೇಲೆ." "ಈಗ?" "ಸ್ವಲ್ಪ." "ಬೇಕೂಂತ ಹೊತ್ತು ಎಳೀತಿದ್ದೀರಾ?" "ಹೌದು, ಮುಗಿದ್ರೆ ನಿಮ್ಮ ಸ್ಟೂಲ್ ದೂರ ಹೋಗಿಬಿಡತ್ತಲ್ಲ!" ನಗುತ್ತಲೇ ಅವನು ಒಂದು ತಂತಿ ಎಳೆದ. ಸ್ವರ ಏರಿ ಏರಿ, ನಡುಗಿ, ಅಲ್ಲೇ ನಿಂತಿತು. ಇಬ್ಬರೂ ಒಟ್ಟಿಗೆ "ಹಾಂ!" ಎಂದು ಕೂಗಿದೆವು.

ಹೊಸ ತಂತಿ ಹೊಂದಿಕೊಳ್ಳುವವರೆಗೆ ಶ್ರುತಿ ಇಳಿಯುತ್ತಿರುತ್ತದೆ ಎಂದು ಹೇಳಿ ಅವನ ಜೊತೆ ನಾನೂ ಬಸ್ಸು ಹತ್ತಿದೆ. ಮಾತು ನಿಜವೇ, ಆದರೆ ಅಷ್ಟಕ್ಕೇ ಹೊರಟವಳಲ್ಲ ನಾನು.

ಸ್ಟುಡಿಯೋದಲ್ಲಿ ಅವನು ಕಣ್ಣು ಮುಚ್ಚಿ ನುಡಿಸಿದ. ಆ ಕೆಂಪು ಗಿಟಾರ್ ಮೊದಲು ಗೊಣಗಿತು, ಆಮೇಲೆ ಬೇಡಿಕೊಂಡಿತು, ಕೊನೆಗೆ ಇಡೀ ಕೋಣೆ ತುಂಬ ಬಾಯ್ತುಂಬ ಹಾಡಿತು. ಬಾಗಿಲ ಬಳಿ ನಿಂತ ನನಗೆ ಮೈ ಜುಮ್ಮೆಂದಿತು. ಹಾಡು ಮುಗಿದಾಗ ಬ್ಯಾಂಡಿನ ಯಜಮಾನಿ ಎದ್ದು ಬಂದು ಗಿಟಾರ್ ಇಸಿದುಕೊಂಡು, ಒಂದೆರಡು ಸ್ವರ ನುಡಿಸಿ ಮುಖ ಕಿವಿಚಿದರು.

"ಅಬ್ಬಾ! ಇದೇನ್ರೀ, ತಂತಿನಾ ಬೇಲಿನಾ? ಬೆರಳು ಕಿತ್ತು ಬರತ್ತೆ. ಇಷ್ಟು ಒಳ್ಳೆ ಜಪಾನ್ ಗಿಟಾರನ್ನ ಯಾರು ಹೀಗೆ ಮಾಡಿದ್ದು?"

ಮತ್ತೆ ನನ್ನಿಂದಲೇ ಕೆಟ್ಟಿತೇ?

"ನನ್ನ ಕೈ ನೋಡಿ ಮಾಡಿದ್ದು, ಮೇಡಂ," ಎಂದ ಅವನು, ಹೆಮ್ಮೆಯಿಂದ. "ಬೇರೆಯವರಿಗೆ ಬಗ್ಗಲ್ಲ ಅದು." ಹಾಗೆನ್ನುತ್ತ ಬಾಗಿಲ ಕಡೆ ನೋಡಿದ. ಈ ಸಲ ನೋಟ ಯಾರಿಗೆಂದು ಅನುಮಾನವೇ ಇರಲಿಲ್ಲ.

ಯಜಮಾನಿ ಅವನನ್ನೂ ನನ್ನನ್ನೂ ನೋಡಿದರು. "ಸೋಮವಾರದಿಂದ ಪ್ರಾಕ್ಟೀಸು. ಬೇಕರಿಗೆ ಹೇಳಿಬಿಡಿ."

ಗಿಟಾರನ್ನು ಪೆಟ್ಟಿಗೆಗೆ ಹಾಕಿಕೊಂಡು ಇಬ್ಬರೂ ಸ್ಟುಡಿಯೋದ ಹೊರಗಿನ ಉದ್ದ ಹಾದಿಗೆ ಬಂದೆವು. ಅವನು, "ಒಂದು ಕೇಳ್ತೀನಿ, ನಿಜ ಹೇಳಿ. ನಿಮಗೆ ಇಷ್ಟ ಆಗಿದ್ದು ಗಿಟಾರಾ, ನಾನಾ?" ಎಂದ.

"ಮೊದಲು ಗಿಟಾರೇ. ಸುಳ್ಳು ಹೇಳಲ್ಲ."

"ಈಗ?"

"ನಾಳೆ ಗಿಟಾರ್ ಮನೇಲಿಟ್ಟು ಅಂಗಡಿಗೆ ಬನ್ನಿ. ಆಗ ಹೇಳ್ತೀನಿ."

"ನಾಳೆವರೆಗೆ ನನ್ನ ಕೈಲಿ ಆಗಲ್ಲ," ಎಂದವನೇ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿದ. ಹಾದಿಯ ಆ ತುದಿಯವರೆಗೆ ದಾಪುಗಾಲಲ್ಲಿ ಹೋಗಿ, ತಿರುಗಿ, ಎರಡೂ ಕೈ ಬೀಸಿಕೊಂಡು ನನ್ನ ಮುಂದೆ ಬಂದು ನಿಂತ. ಏದುಸಿರು ಬಿಡುತ್ತಿದ್ದ. "ಬಂದೆ. ಬರಿಗೈಲಿ."

ಆ ಸುಟ್ಟ ಕಲೆಯ ಕೈಗಳನ್ನು ಹಿಡಿದುಕೊಂಡೆ. "ನೀನಂದ್ರೆ ನನಗೆ ಪ್ರಾಣ ಕಣೋ," ಎಂದೆ. ಅವನು ನನ್ನ ಬೆರಳುಗಳನ್ನು ಒತ್ತಿದ, ಈ ಸಲ ಮೆತ್ತಗೆ.

ನಾವು ಬಸ್ ಸ್ಟಾಪ್ ತಲುಪಿದ ಮೇಲೆ ಯಜಮಾನಿ ಗಿಟಾರ್ ಪೆಟ್ಟಿಗೆ ಹೊತ್ತು, "ರೀ ಬೇಕರಿ, ಇದು ಬೇಡ್ವಾ ನಿಮಗೆ?" ಎಂದು ಕೂಗುತ್ತ ನಮ್ಮ ಹಿಂದೆ ಓಡಿ ಬಂದರು.