ಗೌಜಲಗೂಡಿನ ಒದ್ದೆ ಚಾವಣಿ

ಒಗೆದು ಎರಡು ದಿನವಾದರೂ ಒಣಗದ ಕಾಲುಚೀಲಗಳನ್ನು ಒಲೆಯ ಮೇಲಿನ ಹಗ್ಗದಲ್ಲಿ ಮಗುಚಿ ಹಾಕುತ್ತಿದ್ದೆ. ಇನ್ನೂ ಅರ್ಧ ಬಾಕಿಯಿದ್ದಾಗ ಕೆಳಮನೆಯ ಟೈಲರಮ್ಮ ಬಾಗಿಲು ತಟ್ಟದೆ ಒಳಗೆ ಬಂದರು. ಕೊರಳಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು. ಕೈಯಲ್ಲೊಂದು ಪೇಪರಿನ ಪೊಟ್ಟಣ.

"ಇವತ್ತು ಇನ್ನೊಂದು ಹೋಯ್ತು," ಎಂದು ಅದನ್ನು ಊಟದ ಮೇಜಿನ ಮೇಲಿಟ್ಟರು. "ಹನ್ನೆರಡು ಗೌಜಲಕ್ಕೀಲಿ ಐದು ಉಳಿದಿವೆ. ನಿಮ್ಮ ಅತ್ತಿಗೆ ಎಲ್ಲಿ?"

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು, ನಿವೃತ್ತರಾದ ಮೇಲೆ ನಮ್ಮ ಜೊತೆಗೇ ಇದ್ದರು. ಕಳೆದುಹೋದ ಬೀಗದಕೈಯಿಂದ ಹಿಡಿದು ಕದ್ದ ಸೈಕಲ್ಲಿನ ತನಕ ಈ ಕಟ್ಟಡದಲ್ಲಿ ಅವರು ಪತ್ತೆ ಮಾಡದ್ದಿಲ್ಲ. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಭೂತಗನ್ನಡಿ' ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೆ ಖುಷಿಯೂ ಇತ್ತು. ಅವರು ನೋಡುವುದು, ನಾನು ಟಾರ್ಚ್ ಹಿಡಿಯುವುದು, ಇದು ನಮ್ಮ ನಡುವಿನ ಕೆಲಸದ ಹಂಚಿಕೆ.

"ತಿನ್ನೋ ಜಾಗದಲ್ಲಿ ಹೆಣ ಇಟ್ಟಾಯ್ತಲ್ಲ, ಇನ್ನು ಕೂತು ಹೇಳಿ," ಎನ್ನುತ್ತ ಅತ್ತಿಗೆ ಕೋಣೆಯಿಂದ ಬಂದರು.

ಟೈಲರಮ್ಮ ಮಗಳ ಹೆರಿಗೆಗೆಂದು ಹತ್ತು ದಿನ ಊರಲ್ಲಿರಲಿಲ್ಲ. ಮೂರು ದಿನದ ಹಿಂದೆ ಬಂದು ನೋಡಿದರೆ ಐದು ಹಕ್ಕಿ ಸತ್ತಿದ್ದವು. ಆಮೇಲೆ ಇನ್ನೆರಡು.

"ನನ್ನ ಸೊಸೆಯೇ ಮಾಡಿದ್ದು, ಇನ್ಯಾರು? ನಾನು ಹೊರಡೋ ಹಿಂದಿನ ದಿನ ಜಗಳ ಆಗಿತ್ತು. 'ಈ ಮನೇಲಿ ಮನುಷ್ಯರಿಗಿಂತ ಹಕ್ಕಿಗೇ ಉಪಚಾರ ಜಾಸ್ತಿ' ಅಂದಿದ್ಲು. ದೀಪ ಹಾಕೋದು ಅವಳ ಪಾಲಿನ ಕೆಲಸ. ಚಳಿಗಾಲದಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಬೆಳಕು ಸಿಗದಿದ್ರೆ ಇವು ಮೊಟ್ಟೆ ಇಡಲ್ಲ. ಬಂದು ನೋಡಿದ್ರೆ ಒಂದೇ ಒಂದು ಮೊಟ್ಟೆ ಇಲ್ಲ! ದೀಪ ಹಾಕಿಲ್ಲ, ಜೊತೆಗೆ ಕಾಳಿಗೆ ಏನೋ ಬೆರೆಸಿದ್ದಾಳೆ."

"ಕಾಳು ನೀರು ಇಟ್ಟಿದ್ದು ಯಾರು?"

"ನಮ್ಮ ಯಜಮಾನ್ರು. ದಿನಾ ಫೋನ್ ಮಾಡಿ ಹೇಳ್ತಿದ್ದೆ, ರೀ, ಹಕ್ಕಿ ಬೆಚ್ಚದ ಹಾಗೆ ನೋಡ್ಕೊಳ್ಳಿ ಅಂತ. ಒಂದು ತಟ್ಟೆ ಬಿದ್ರೂ ಸಾಕು, ನೆಟ್ಟಗೆ ಮೇಲಕ್ಕೆ ಚಿಮ್ಮಿ ತಲೆ ಒಡ್ಕೋತವೆ. ಅದಕ್ಕೇ ಅಲ್ವಾ ನಾನು ಗೂಡಿನ ಚಾವಣಿಗೆ ಹತ್ತಿ ತುಂಬಿ ಮೆತ್ತೆ ಹೊಲಿದಿರೋದು." ಅವರು ಗೋಡೆಯ ಗಡಿಯಾರ ನೋಡಿದರು. "ಮಗನಿಗೆ ಹೇಳಿಬಿಟ್ಟಿದ್ದೀನಿ. ಇವತ್ತು ಆರು ಗಂಟೆ ಬಸ್ಸಿಗೆ ಅವಳನ್ನ ತವರಿಗೆ ಬಿಟ್ಟು ಬಾ. ಮತ್ತೆ ಕರೆಯೋ ಮಾತಿಲ್ಲ."

ಆ ಹುಡುಗಿ ಬಂದು ವರ್ಷ ತುಂಬಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುವವಳು.

ಅತ್ತಿಗೆ ಪೊಟ್ಟಣ ಬಿಚ್ಚಿದರು. "ತಲೆಗೆ ಪೆಟ್ಟಿಲ್ಲ. ಬೆಕ್ಕೋ ಇಲಿಯೋ ಹೆದರಿಸಿದ್ರೆ ಮೆತ್ತೆ ಇದ್ರೂ ಗರಿಯಾದ್ರೂ ಮುರಿದಿರೋದು. ಗಂಟಲ ಚೀಲದಲ್ಲಿ ಕಾಳಿದೆ, ಉಪವಾಸ ಸತ್ತಿಲ್ಲ. ಕಣ್ಣು ನೋಡು." ಟಾರ್ಚ್ ಹಿಡಿದೆ. ರೆಪ್ಪೆ ಊದಿತ್ತು. ಅಂಚಿನಲ್ಲಿ ನೊರೆ ಒಣಗಿ ಅಂಟಿತ್ತು.

ಕೆಳಗಿಳಿದೆವು. ಹಿಂದಿನ ಪಡಸಾಲೆಯಲ್ಲಿ ನಾಲ್ಕು ಕಾಲಿನ ಮೇಲೆ ಮರದ ಗೂಡು, ಸುತ್ತಲೂ ತಂತಿಜಾಲರಿ. ಬಲ್ಬು ಗೂಡಿನ ಹೊರಗೆ, ಮಾಡಿನಿಂದ ಇಳಿಬಿದ್ದಿತ್ತು. ಸ್ವಿಚ್ಚು ಅಡುಗೆಮನೆಯಲ್ಲಿ. ಐದು ಹಕ್ಕಿಗಳು ಗರಿ ಉಬ್ಬಿಸಿಕೊಂಡು ಅರೆಗಣ್ಣು ಮುಚ್ಚಿ ಕೂತಿದ್ದವು. ಪಕ್ಕದ ಸ್ಟೂಲಿನಲ್ಲಿ ಟೈಲರಮ್ಮನ ಯಜಮಾನರು, ಲಾರಿ ಓಡಿಸುವುದನ್ನು ಬಿಟ್ಟು ಆರು ವರ್ಷವಾದ ಮನುಷ್ಯ, ಮಫ್ಲರ್ ಸುತ್ತಿಕೊಂಡು ಕೂತಿದ್ದರು.

"ಅಣ್ಣಾ, ಮೊಟ್ಟೆ ನಿಂತಿದ್ದು ಯಾವಾಗ?" ಅತ್ತಿಗೆ ಕೇಳಿದರು.

"ಮೂಟೆನಾ? ಮೂಟೆ ಸಾಗಿಸೋದು ಬಿಟ್ಟು ಯಾವ ಕಾಲ ಆಯ್ತಮ್ಮ!"

"ಎಡಗಿವಿ ಎಂಜಿನ್ ಸದ್ದಿಗೆ ಹೋಗಿದೆ," ಎಂದರು ಟೈಲರಮ್ಮ. "ಅರ್ಧ ಕೇಳಿಸುತ್ತೆ, ಇನ್ನರ್ಧ ಅವರೇ ತುಂಬಿಸ್ಕೋತಾರೆ. ಫೋನನ್ನೂ ಆ ಕಿವಿಗೇ ಹಿಡಿಯೋದು. ಬಲಗೈ ಸ್ಟೇರಿಂಗಿಗಂತೆ, ಇವತ್ತಿಗೂ!"

ಅತ್ತಿಗೆ ನಗಲಿಲ್ಲ. ಗೂಡಿನೊಳಗೆ ಕೈ ಚಾಚಿ ಚಾವಣಿಯ ಮೆತ್ತೆಯನ್ನು ಒತ್ತಿದರು. ಬೆರಳು ಒದ್ದೆಯಾಯಿತು. ಬಟ್ಟೆಯ ಮೇಲೆ ಕಪ್ಪು ಬೂಷ್ಟಿನ ಚುಕ್ಕೆಗಳಿದ್ದವು.

"ಮಳೆ ಬಂದು ಎಷ್ಟು ದಿನವಾಯ್ತು?"

"ತಿಂಗಳ ಮೇಲಾಯ್ತು," ಎಂದೆ.

ಕೆಳಗೆ ಹಾಸಿದ್ದ ಮರದ ಹೊಟ್ಟು ಮುದ್ದೆಗಟ್ಟಿತ್ತು. ಅದನ್ನು ಕೆದಕಿದಾಗ ಎದ್ದ ಘಾಟಿಗೆ ನಮ್ಮಿಬ್ಬರ ಕಣ್ಣಲ್ಲೂ ನೀರು ಬಂತು. ಗೂಡಿನ ನಾಲ್ಕು ಕಾಲುಗಳಲ್ಲೂ ಒಂದೇ ಎತ್ತರದಲ್ಲಿ ಹಗ್ಗ ಉಜ್ಜಿದ ಗುರುತಿತ್ತು, ಒಂದರಲ್ಲಿ ನೀಲಿ ಎಳೆಯ ತುಣುಕು ಸಿಕ್ಕಿಕೊಂಡಿತ್ತು. ಅತ್ತಿಗೆ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಚ್ಚಲಿನ ಹಿಂದಿನ ಸಂದಿಗೆ ಹೋಗಿ ಸುಮಾರು ಹೊತ್ತು ನಿಂತು ಬಂದರು.

ಅಡುಗೆಮನೆಯಲ್ಲಿ ಸೊಸೆ ಪಾತ್ರೆ ಒರೆಸುತ್ತಿದ್ದಳು. ಬಾಗಿಲ ಪಕ್ಕ ಕಟ್ಟಿದ ಬ್ಯಾಗು.

"ದೀಪ ಹಾಕ್ತಿದ್ಯಾ ಮಗು?"

"ದಿನಾ ಹಾಕಿದ್ದೀನಿ." ಫೋನು ತೆಗೆದು ತೋರಿಸಿದಳು. ಬೆಳಗಿನ ಜಾವ ನಾಲ್ಕು ಐವತ್ತೈದಕ್ಕೆ ಅಲಾರಂ, ಏಳೂ ದಿನ.

"ಮತ್ತೆ ಮೊಟ್ಟೆ ಯಾಕಿಲ್ಲ?"

ಅವಳು ಪಡಸಾಲೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. "ಗೊತ್ತಿಲ್ಲ."

ಆ ಗೊತ್ತಿಲ್ಲ ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನೂ ಅದನ್ನು ಎಷ್ಟೋ ಸಲ ಹೇಳಿದ್ದೇನೆ.

ನಾಲ್ಕು ಗಂಟೆಗೆ ಅತ್ತಿಗೆ ಎಲ್ಲರನ್ನೂ ಹೊಲಿಗೆ ಕೋಣೆಗೆ ಕರೆದರು. ಬಸ್ಸಿಗೆ ಇನ್ನೆರಡೇ ಗಂಟೆ. ಟೈಲರಮ್ಮ ಮಷೀನಿನ ಮುಂದೆ, ಯಜಮಾನರು ಬಟ್ಟೆಗಂಟಿನ ಮೇಲೆ, ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಕಾಳಲ್ಲಿ ವಿಷ ಇದ್ದಿದ್ರೆ ಎಲ್ಲಾ ಹಕ್ಕೀನೂ ಒಟ್ಟಿಗೆ ಹೋಗ್ಬೇಕಿತ್ತು," ಎಂದು ಅತ್ತಿಗೆ ಶುರುಮಾಡಿದರು. "ಇವು ಒಂದೊಂದಾಗಿ ಸತ್ತವು, ಕಣ್ಣು ಉರಿದು, ಉಸಿರು ಕಟ್ಟಿ. ಮಳೆ ಇಲ್ಲದೆ ಚಾವಣಿ ನೆನೆದಿದೆ ಅಂದ್ರೆ ನೀರು ಹೊರಗಿಂದ ಬಂದದ್ದಲ್ಲ. ಹಕ್ಕಿಗಳ ಉಸಿರೇ ಮೇಲೇರಿ ಹನಿಯಾಗಿದೆ. ಹಿಕ್ಕೆಯ ಘಾಟೂ ಒಳಗೇ ಉಳಿದಿದೆ. ನಾಲ್ಕೂ ಕಡೆ ಜಾಲರಿ ಇರೋ ಗೂಡಲ್ಲಿ ಇದು ಹೇಗೆ ಸಾಧ್ಯ? ಯಾರೋ ಗಾಳಿ ಆಡದ ಹಾಗೆ ಸುತ್ತಿದ್ರು. ದೀಪ ಉರೀತಿತ್ತು, ಆದ್ರೆ ಉರೀತಿದ್ದದ್ದು ಮುಸುಕಿನ ಹೊರಗೆ. ಒಳಗೆ ಹಗಲೂ ಕತ್ತಲೆ. ಮೊಟ್ಟೆ ನಿಂತದ್ದು ಅದಕ್ಕೆ."

ಕುರ್ಚಿಯ ಕೆಳಗಿಂದ ಒಂದು ನೀಲಿ ಟಾರ್ಪಾಲು ಎಳೆದರು. "ಬಚ್ಚಲಿನ ಹಿಂದೆ ಸಿಕ್ತು. ಒಳಮೈಗೆ ಇನ್ನೂ ಗರಿ ಅಂಟಿದೆ. ಹಗ್ಗ ನೋಡಿ, ಒಂದು ತುದಿ ಎಳೆದ್ರೆ ಪೂರ್ತಿ ಬಿಚ್ಕೊಳ್ಳೋ ಗಂಟು. ಲೋಡು ಕಟ್ಟೋರು ಹಾಕೋ ಗಂಟು."

ಟೈಲರಮ್ಮ ಗಂಡನತ್ತ ತಿರುಗಿದರು. "ರೀ..."

"ತಾಳಿ," ಎಂದ ಅತ್ತಿಗೆ ಯಜಮಾನರ ಎಡಗಡೆ ಹೋಗಿ ನಿಂತು ಸಾಧಾರಣ ದನಿಯಲ್ಲಿ ಹೇಳಿದರು, "ಅಣ್ಣಾ, ಹಕ್ಕಿ ಬೆಚ್ಚದ ಹಾಗೆ ನೋಡ್ಕೊಳ್ಳಿ. ಏನಂದೆ ಹೇಳಿ?"

"ಹಕ್ಕೀನ ಬೆಚ್ಚಗೆ ನೋಡ್ಕೊಳ್ಳಿ ಅಂದ್ರಿ. ಅವಳೂ ದಿನಾ ಅದನ್ನೇ ಅಲ್ವಾ..." ಮಾತು ಅಲ್ಲಿಗೇ ನಿಂತಿತು. ಅವರು ಟಾರ್ಪಾಲಿನತ್ತ ನೋಡಿದರು.

ಆಮೇಲೆ ಅವರೇ ಹೇಳಿದರು. "ಬೆಚ್ಚಗೆ ಅಂದ್ಲಲ್ಲ, ಹಕ್ಕಿ ಸತ್ತಿದ್ದು ಚಳಿಗೇ ಅಂದ್ಕೊಂಡು ಇನ್ನಷ್ಟು ಬಿಗಿಯಾಗಿ ಕಟ್ಟಿದೆ. ಇವಳು ಬರೋ ಹಿಂದಿನ ದಿನ ಬಿಚ್ಚಿದ್ರೆ ಒಳಗೆಲ್ಲ ನೀರು ತೊಟ್ಟಿಕ್ತಿತ್ತು. ಇಡೀ ಜನ್ಮದಲ್ಲಿ ಒಂದು ಲೋಡು ನೆನೆಸಿದವನಲ್ಲ ನಾನು. ಹೇಳೋಕೆ ನಾಚಿಕೆ ಆಯ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..."

"ತಪ್ಪು ಕೇಳಿಸ್ಕೊಂಡದ್ದು ನಿಮ್ಮ ಕಿವಿ. ಅದಕ್ಕೆ ಯಾರೂ ಏನೂ ಅನ್ನಲ್ಲ," ಎಂದರು ಅತ್ತಿಗೆ, ಈ ಸಲ ಬಲಗಡೆಯಿಂದ. "ಸುಮ್ಮನಿದ್ದದ್ದು ಮಾತ್ರ ನಿಮ್ಮ ಬಾಯಿ."

ಟೈಲರಮ್ಮ ಸೊಸೆಯನ್ನು ಕೇಳಿದರು. "ನೀನು ನೋಡಿರಲಿಲ್ವಾ ಇದನ್ನ?"

"ನೋಡಿದ್ದೆ. ಗಾಳಿಗೆ ಜಾಗ ಬಿಡಿ ಮಾವ ಅಂತಲೂ ಅಂದೆ. ನಿಮ್ಮತ್ತೇನೇ ಹೇಳಿದ್ದು ಅಂದ್ರು."

"ಮತ್ತೆ ನನ್ನ ಹತ್ರ ಬಾಯಿ ಬಿಡೋಕೇನಾಗಿತ್ತು?"

"ಬಿಟ್ಟಿದ್ರೆ ನಂಬ್ತಿದ್ರಾ ಅತ್ತೆ? ಮಾಡೋದು ಮಾಡಿ ವಯಸ್ಸಾದವರ ಮೇಲೆ ಹೊರಿಸ್ತಾಳೆ ಅಂತಿದ್ರಿ. ಮಾವನೇ ಹೇಳ್ಲಿ ಅಂತ ಕಾದೆ."

ಟೈಲರಮ್ಮ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಕ್ಷಮಿಸು ಎನ್ನುವ ಮಾತು ಅವರ ಗಂಟಲ ತನಕ ಬಂದದ್ದು ನನಗೆ ಕಂಡಿತು. ಹೊರಗೆ ಬಂದದ್ದು ಬೇರೆ. "ಬ್ಯಾಗು ಒಳಗಿಡು. ಹೋಗೋದೇನೂ ಬೇಡ."

"ಹೋಗ್ತೀನಿ ಅತ್ತೆ." ಅವಳ ದನಿ ಎತ್ತರಕ್ಕೇರಲಿಲ್ಲ. "ನೀವು ಕಳಿಸ್ತಿದ್ದೀರಿ ಅಂತಲ್ಲ. ಅಮ್ಮನ ಹತ್ರ ಸ್ವಲ್ಪ ದಿನ ಇರ್ಬೇಕು ಅನ್ನಿಸಿದೆ. ಹತ್ತು ದಿನ ಇದ್ದು ಬರ್ತೀನಿ. ದೀಪದ ಸ್ವಿಚ್ಚು ಯಾವ್ದು ಅಂತ ಮಾವನಿಗೆ ತೋರಿಸಿದ್ದೀನಿ."

ಟೈಲರಮ್ಮ ಅಳತೆಪಟ್ಟಿಯನ್ನು ಮಷೀನಿನ ಮೇಲಿಟ್ಟು ಎದ್ದರು.

ಅತ್ತಿಗೆ ಯಜಮಾನರನ್ನು ಗೂಡಿನ ಹತ್ತಿರ ಕರೆದೊಯ್ದು ಬಲಗಿವಿಗೇ ಎಲ್ಲವನ್ನೂ ಹೇಳಿದರು. ಒದ್ದೆ ಹೊಟ್ಟು, ಮೆತ್ತೆ ಎರಡನ್ನೂ ಬಿಸಾಡಿ ಒಣಗಿದ್ದು ಹಾಕಬೇಕು. ಗಾಳಿ ಬೀಸುವ ಕಡೆ ಮಾತ್ರ ಮರೆ ಕಟ್ಟಿ ಮೇಲೆ ಒಂದು ಗೇಣು ತೆರೆದಿಡಬೇಕು. ಕುಡಿಯಲು ಉಗುರುಬೆಚ್ಚನೆಯ ನೀರು, ಹೊರಳಾಡಲು ಒಂದು ತಟ್ಟೆ ಒಣ ಮರಳು ಮತ್ತು ಬೂದಿ. "ಮೊಟ್ಟೆಗೆ ಅವಸರ ಮಾಡ್ಬೇಡಿ. ಮೊದಲು ಕಣ್ಣು ಬಿಡ್ಲಿ." ಯಜಮಾನರು ಪ್ರತಿ ಮಾತನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡರು, ಆ ಹೊತ್ತಿಗಾಗಲೇ ಮೊಣಕೈ ತನಕ ಹೊಟ್ಟಿನಲ್ಲಿ ಮುಳುಗಿದ್ದರು.

ಐದೂವರೆಗೆ ಹುಡುಗಿ ಗೇಟು ದಾಟಿದಳು. ಬ್ಯಾಗನ್ನು ಗಂಡನ ಕೈಗೆ ಕೊಡದೆ ತಾನೇ ಹಿಡಿದಿದ್ದಳು. ಟೈಲರಮ್ಮ ಗೇಟಿನ ತನಕ ಹೋಗಿ, ತಮ್ಮ ಶಾಲನ್ನು ತೆಗೆದು ಅವಳಿಗೆ ಹೊದಿಸಿ ಹಿಂದಿರುಗಿದರು.

ಮೆಟ್ಟಿಲು ಹತ್ತುತ್ತ ಅತ್ತಿಗೆ ಕೇಳಿದರು. "ಏನು, ಮಾತೇ ಇಲ್ಲ?"

"ಏನಿಲ್ಲ, ಚಳಿ," ಎಂದೆ.

ನನ್ನ ಅಕ್ಕ ಇರುವುದು ಬರೀ ನಾಲ್ಕು ಗಂಟೆಯ ದಾರಿ. ಅವಳನ್ನು ನೋಡಿ ಮೂರು ವರ್ಷವಾಗಿತ್ತು. ಪ್ರತಿ ಸಲವೂ ಯಾರದೋ ಪರೀಕ್ಷೆ, ಯಾರದೋ ಜ್ವರ. ಹೋಗಬೇಡ ಎಂದು ಯಾರೂ ಅಂದಿರಲಿಲ್ಲ. ಹೋಗು ಎನ್ನುವವರಿಗಾಗಿ ನಾನೇ ಕಾಯುತ್ತಿದ್ದೆ.

ಶನಿವಾರಕ್ಕೆ ಇನ್ನು ಮೂರು ದಿನ. ರಾತ್ರಿಯ ಅಡುಗೆಗೆ ಅಕ್ಕಿ ಅಳೆಯುತ್ತ, ಆರು ಗಂಟೆಯ ಬಸ್ಸಿಗೆ ಯಾವ ಬ್ಯಾಗು ಸಾಕಾದೀತು ಎಂದು ಯೋಚಿಸಿದೆ. ಚಿಕ್ಕದೇ ಸಾಕು ಎನ್ನಿಸಿತು.