ಕಸೂತಿಯ ಹಿಂಬದಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಎಡಗಿವಿಯಂತೂ ಆ ಮಧ್ಯಾಹ್ನದಿಂದ ಕೇಳಿಸುವುದಿಲ್ಲ.

೧೯೯೭ರಲ್ಲಿ ಬಾಳೂರಿನ ನಮ್ಮ ಮನೆಯವರೆಲ್ಲ ಕಡಲು ನೋಡಲು ಹೋಗಿದ್ದಾಗ ನನ್ನ ಗಂಡನ ಅಣ್ಣನ ಹೆಂಡತಿ ವನಮಾಲಕ್ಕ ಲೈಟ್‌ಹೌಸ್ ಮೇಲಿಂದ ಬಿದ್ದು ಸತ್ತರು. ಕಾಲು ಜಾರಿತು ಎಂದರು, ಜೊತೆಗೆ ಹತ್ತಿದ್ದ ಭಾವ. ಅದಕ್ಕೆ ಸ್ವಲ್ಪ ಮುಂಚೆ ಎಲ್ಲರೂ ಕೆಳಗೆ ನಿಂತು ತೆಗೆಸಿಕೊಂಡ ಫೋಟೋ ಮನೆಯಲ್ಲಿತ್ತು.

ವರ್ಷ ಕಳೆದ ಮೇಲೆ ಅತ್ತೆ ಅದನ್ನು ನನ್ನ ಕೈಗಿತ್ತರು. "ಇದನ್ನ ನೋಡಿ ಒಂದು ಕಸೂತಿ ಹಾಕು ಮಾರಾಯ್ತಿ. ಜನ ಬ್ಯಾಡ, ಲೈಟ್‌ಹೌಸ್ ಕಂಬ ಒಂದೇ ಸಾಕು."

ಫೋಟೋದ ಮೇಲೆ ಚೌಕ ಗೆರೆ ಎಳೆದು, ಮನೆ ಎಣಿಸಿ ಗ್ರಾಫ್ ಹಾಳೆಗೆ ಇಳಿಸಿದೆ. ಕಂಬಕ್ಕೆ ಕಪ್ಪು ಬಿಳಿ ಪಟ್ಟೆ. ಬಟ್ಟೆ ಬಿಳಿಯದೇ ಆದ್ದರಿಂದ ಕೊಟ್ಟಿಗೆಹಾರದ ಪೇಟೆಯಲ್ಲಿ ಕಪ್ಪು ದಾರ ಒಂದನ್ನೇ ಕೊಂಡಿದ್ದೆ. ಹೊಲಿಯುವಾಗಲೆಲ್ಲ ಬಟ್ಟೆ ಒದ್ದೆಯಾಗುತ್ತಿತ್ತು. ಬೆರಳು ನೆಕ್ಕಿದರೆ ಉಪ್ಪು.

ಮುಗಿದ ದಿನ ಸೂಜಿಯನ್ನು ಅಂಚಿಗೆ ಚುಚ್ಚಿ, ಮಧ್ಯಾಹ್ನದ ಊಟಕ್ಕೆ ಕೂತಿದ್ದವರಿಗೆ ತೋರಿಸಿದೆ. ಹಿಂಬದಿಯ ಗಂಟು ನೋಡದೆ ಯಾವ ಕಸೂತಿಯನ್ನೂ ಒಪ್ಪುವವರಲ್ಲ ನಮ್ಮತ್ತೆ. ತಿರುಗಿಸಿದರು. ಅಲ್ಲಿ, ಕಂಬದ ತುದಿಯಲ್ಲಿ, ಕೆಂಪು ದಾರದ ಇಬ್ಬರು ನಿಂತಿದ್ದರು. ಗಂಡಸಿನ ಮುಷ್ಟಿಯಲ್ಲಿ ಹೆಂಗಸಿನ ಜಡೆಯಿತ್ತು.

"ಯಾರೇ ಹೇಳಿದ್ದು ನಿಂಗೆ?" ಭಾವ ಎಂಜಲು ಕೈಯಲ್ಲೇ ನನ್ನ ಎಡಗಿವಿಗೆ ಬಾರಿಸಿದರು. ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದರು. ಬಟ್ಟೆಯನ್ನು ಸೂಜಿ ಸಮೇತ ಬಚ್ಚಲೊಲೆಗೆ ತುರುಕಿದರು. ಉರಿದದ್ದು ಹತ್ತಿ ಬಟ್ಟೆಯಾದರೂ ಕೂದಲು ಸುಟ್ಟ ವಾಸನೆ ಬಂತು.

ಮರುದಿನ ಬೂದಿ ತೆಗೆಯುವಾಗ ಸೂಜಿ ಸಿಕ್ಕಿತು. ಅದರಲ್ಲಿ ಗೇಣುದ್ದ ಕೆಂಪು ದಾರವಿತ್ತು, ಒದ್ದೆಯಾಗಿ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಕುಂಕುಮದ ಭರಣಿಯಲ್ಲಿಟ್ಟರು.

ಆ ದಾರ ಇವತ್ತಿಗೂ ಒಣಗಿಲ್ಲ.