ಕೂತ್ಕೊ ಅಂದವನು

ಅನಂತರಾಜುವಿಗೂ ಪ್ರತಿಮಾಗೂ ಮೊದಲ ಜಗಳವಾದದ್ದು ಒಂದು ಹೊರೆ ಸೊಪ್ಪಿಗೆ. ಕಬ್ಬಾಳಿನ ಹತ್ತಿರದ ಆ ಊರಿಗೆ ಗೂಡ್ಸ್ ಆಟೋದಲ್ಲಿ ರೇಷ್ಮೆಯ ಮರಿಹುಳು ತಂದುಕೊಡುವವನು ಅವನು. ಹುಳುಮನೆಯ ಮುಂದೆ ಆಟೋ ನಿಲ್ಲಿಸಿದರೆ, ಹಿಪ್ಪುನೇರಳೆ ಸೊಪ್ಪು ಹೊತ್ತ ಹುಡುಗಿಯೊಬ್ಬಳು ಕುಂಟುತ್ತಾ ಬರುತ್ತಿದ್ದಳು. ಓಡಿಹೋಗಿ ಹೊರೆ ಕಿತ್ತುಕೊಂಡ.

“ಕೊಡಿ ಇಲ್ಲಿ,” ಎಂದಳು. “ಅದು ನನ್ ಔಸ್ದಿ.”

ಅವಳು ತಮಾಷೆ ಮಾಡಿರಲಿಲ್ಲ. ಮದುವೆಯ ವಯಸ್ಸಿಗೇ ಅವಳ ಕೀಲುಗಳಿಗೆ ವಾತ ಹಿಡಿದಿತ್ತು. ಬೆಳಿಗ್ಗೆ ಎದ್ದರೆ ಮಂಡಿ ಕೊರಡು. ಕನಕಪುರದ ಡಾಕ್ಟರಮ್ಮ ಮಾತ್ರೆಯ ಜೊತೆಗೆ ಒಂದು ಮಾತನ್ನೂ ಕೊಟ್ಟಿದ್ದರು: ನೋವು ಅಂತ ಮೂಲೆ ಹಿಡಿಯಬೇಡ, ಆದಷ್ಟು ಓಡಾಡು. ಹಾಗಾಗಿ ನೋವು ಜಾಸ್ತಿಯಿದ್ದ ದಿನ ಚಿಕ್ಕ ಹೊರೆ, ಕಡಿಮೆಯಿದ್ದ ದಿನ ದೊಡ್ಡದು. ಸುಮ್ಮನೆ ಕೂತರೆ ಮಂಡಿ ಹಿಡಿದುಕೊಳ್ಳುತ್ತಿತ್ತು; ಅಂಥ ದಿನವೇ ಅವಳು ಅಳುತ್ತಿದ್ದದ್ದು. ಅವ್ವ ವೆಂಕಟಲಕ್ಷ್ಮಮ್ಮನಿಗೆ ಇದು ಅರ್ಥವಾಗಲು ತಿಂಗಳುಗಳೇ ಬೇಕಾದವು.

ಅನಂತರಾಜು ಹುಳು ಇಲ್ಲದ ದಿನವೂ ಬರತೊಡಗಿದ. ಪ್ರತಿಮಾ ಕೇಳಿದರೆ, ಆಟೋಗೆ ಈ ದಾರಿ ಅಭ್ಯಾಸವಾಗಿದೆ ಎಂದ.

“ಆಟೋಗೆ ಸರಿ. ಡ್ರೈವರ್‌ಗೆ?”

ಅವನು ಆಟೋದ ಕನ್ನಡಿ ಒರೆಸಿದ. ಒರೆಸುವ ನೆಪದಲ್ಲಿ ಅವಳ ಮುಖ ಕಾಣುವಂತೆ ಅದನ್ನು ತಿರುಗಿಸಿಕೊಂಡ. ಅವಳಿಗೆ ಗೊತ್ತಾಗದೇ ಇದ್ದೀತೆ? ಕನ್ನಡಿಗೇ ಹೇಳುವ ಹಾಗೆ ಸಣ್ಣಗೆ ನಕ್ಕು, ಮುಂಗುರುಳು ಸರಿಮಾಡಿಕೊಂಡಳು.

ಬಿಡದಿ ಕಡೆ ಹೋದಾಗ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುವನು. ಜಗಲಿಯ ಮೇಲೆ ತನ್ನ ಟವೆಲ್ ಹಾಸಿ, ಕೂತ್ಕೊ ಎನ್ನುವನು. ಅಷ್ಟು ಪ್ರೀತಿಯಿಂದ ಹಾಸಿದ್ದರ ಮೇಲೆ ಕೂರದಿರುವುದು ಹೇಗೆ? ಕೂರುವಳು. ಅವನ ಆಟೋ ಮರೆಯಾದ ಮೇಲೆ ಕಂಬ ಹಿಡಿದು, ಹಲ್ಲು ಕಚ್ಚಿ ಏಳುವಳು.

ಅವನದೂ ತಪ್ಪಲ್ಲ. ಮಾಗಡಿ ಕಡೆ ಅವನ ಹೆತ್ತವ್ವ ಜೀವಮಾನವೆಲ್ಲ ಹೊಲದಲ್ಲಿ ಬಗ್ಗಿ ಸವೆದದ್ದನ್ನು ಕಂಡವನು. ಹೆಂಡತಿಯನ್ನು ಕೂರಿಸಿ ಸಾಕುವವನೇ ಗಂಡಸು ಎಂದು ಅವನು ಮನಸ್ಸಿನಲ್ಲೇ ಬರೆದುಕೊಂಡಿದ್ದ.

ಹೆಣ್ಣು ನೋಡಲು ತಾಯಿಯನ್ನು ಕರೆತರುವ ಹಿಂದಿನ ದಿನ ಫೋನ್ ಮಾಡಿದ. ನಾವು ಬರೋ ಮುಂಚೆಯೇ ಚೇರಿನಲ್ಲಿ ಕೂತುಬಿಡು, ಕಾಫಿ ಬೇರೆ ಯಾರಾದರೂ ಕೊಡಲಿ, ನೀನು ನಡೆಯೋದು ಅಮ್ಮನ ಕಣ್ಣಿಗೆ ಬೀಳಬಾರದು ಎಂದ. ಅವಳಿಗೆ ಅವನು ಬೇಕಾಗಿತ್ತು. ಯಾವತ್ತೂ ಏನನ್ನೂ ಅಷ್ಟು ಬಯಸಿದವಳಲ್ಲ. ಹೂಂ ಅಂದಳು.

ಬಂದವರು ಉಪ್ಪಿಟ್ಟು ತಿಂದರು, ಕಾಫಿ ಕುಡಿದರು. ರಾಹುಕಾಲ ಕಳೆಯಲಿ ಎಂದು ಮಾತು ಬೆಳೆಸಿದರು. ಪ್ರತಿಮಾ ಕೂತೇ ಇದ್ದಳು. ಸೀರೆಯೊಳಗೆ ಕಾಲಿನ ಬೆರಳು ಆಡಿಸಿದಳು. ಎದುರು ಗೋಡೆಗೆ ಒರಗಿದ್ದ ಅನಂತರಾಜು, ಇನ್ನೊಂದು ಸ್ವಲ್ಪ ಹೊತ್ತು ಎಂದು ಕಣ್ಣಲ್ಲೇ ಬೇಡಿಕೊಂಡ. ಅವಳೂ ಕಣ್ಣಲ್ಲೇ ಆಗಲಿ ಅಂದಳು.

ಅವನ ತಾಯಿಗೆ ಹುಡುಗಿ ಮೆಚ್ಚುಗೆಯಾಗಿದ್ದಳು. ರಾಹುಕಾಲ ಕಳೆದದ್ದೇ ಮಲ್ಲಿಗೆ ದಂಡೆ ಕೈಗೆತ್ತಿಕೊಂಡು, “ಏಳವ್ವ, ದೇವ್ರ ಮುಂದೆ ನಿಂತ್ಕೊ. ಹೂ ಮುಡುಸ್ತೀನಿ,” ಎಂದರು.

ಪ್ರತಿಮಾಗೆ ಏಳಲಾಗಲಿಲ್ಲ. ಚೇರಿನ ಕೈ ಒತ್ತಿ ಏಳಲು ಹೋದಳು, ಮತ್ತೆ ಕುಸಿದಳು. ಮಂಡಿಗಳೆರಡೂ ಹಿಡಿದುಕೊಂಡಿದ್ದವು. ಅನಂತರಾಜು ಓಡಿಬಂದು, ಎಲ್ಲರೂ ನೋಡುತ್ತಿದ್ದಂತೆ ಕಂಕುಳಿಗೆ ಕೈ ಹಾಕಿ ಎತ್ತಲು ಹೋದ. ಬುಡಿ, ಎಂದು ಅವಳು ಪಿಸುಗುಟ್ಟಿದ್ದು ಅವನೊಬ್ಬನಿಗೇ ಕೇಳಿಸಿತು.

ಅವನ ತಾಯಿ ಕೆಟ್ಟವರಲ್ಲ. ಒಂದು ಬಿರುಸು ಮಾತೂ ಆಡಲಿಲ್ಲ. ಕೈಯಲ್ಲಿದ್ದ ಹೂವನ್ನು ದೇವರ ಪಟಕ್ಕೆ ಇಟ್ಟು, ಮಗನನ್ನು ಕರೆದುಕೊಂಡು ಹೊರಟರು.

ವಾರ ಕಳೆದ ಮೇಲೆ ಅನಂತರಾಜು ಒಬ್ಬನೇ ಬಂದ. ಪ್ರತಿಮಾ ತೋಟದ ಬದುವಿನಲ್ಲಿ ಸೊಪ್ಪು ಕಟ್ಟುತ್ತಿದ್ದಳು. ಅವನ ಗಡ್ಡ ಬೆಳೆದಿತ್ತು.

“ಅಮ್ಮ ಒಪ್ಪದಿದ್ರೆ ಬೇರೆ ಮನೆ ಮಾಡವ. ನೀನೊಂದು ಕಡ್ಡಿನೂ ಎತ್ತಂಗಿಲ್ಲ ಕಣೆ. ಕೂರ್ಸಿ ಸಾಕ್ತೀನಿ.”

ಬೇರೆ ಯಾವ ಹೆಣ್ಣಾಗಿದ್ದರೂ ಆ ಮಾತಿಗೆ ಕರಗಿಹೋಗುತ್ತಿದ್ದಳು. ಪ್ರತಿಮಾ ಸೊಪ್ಪಿನ ಹೊರೆಗೆ ಗಂಟು ಬಿಗಿದಳು.

“ಅವತ್ತು ನಂಗೆ ಓಡಾಡೋಕೆ ಬುಟ್ಟಿದ್ರೆ, ಕುಂಟ್ಕೊಂಡಾದ್ರೂ ನಿಮ್ಮವ್ವನ ಕೈಲಿ ಹೂ ಮುಡ್ಕೊತಿದ್ದೆ,” ಎಂದಳು. “ನೀವು ಸಾಕೋದು ಬ್ಯಾಡ. ನನ್ ಜೊತೆ ನಡೀತೀರಾ, ಹೇಳಿ.”

ಅವನ ಕಣ್ಣುಗಳು ತುಂಬಿದವು. ಅವಳು ನಿಂತಿರುವುದನ್ನು, ಅವಳ ಕಾಲು ಸಣ್ಣಗೆ ನಡುಗುವುದನ್ನು ನೋಡಲಾರದೆ ಹೆಗಲ ಟವೆಲ್ ತೆಗೆದು ಬದುವಿನ ಮೇಲೆ ಹಾಸಿದ.

“ಕೂತ್ಕೊ ಪ್ರತಿಮಾ. ಒಸಿ ಕೂತ್ಕೊಂಡ್ ಮಾತಾಡವ.”

ಎಷ್ಟು ಆಸೆಯಾಯಿತು ಅವಳಿಗೆ, ಆ ಟವೆಲ್ ಮೇಲೆ ಕೂತು, ಆ ಹೆಗಲಿಗೆ ಒರಗಿ ಅತ್ತುಬಿಡಬೇಕೆಂದು. ಇವನು ಸಾಯುವವರೆಗೂ ಇದೇ ಪ್ರೀತಿಯಿಂದ ಟವೆಲ್ ಹಾಸುತ್ತಾನೆ, ನಾನು ಸಾಯುವವರೆಗೂ ಇಲ್ಲವೆನ್ನಲಾರದೆ ಕೂರುತ್ತೇನೆ ಎನಿಸಿತು. ಹೊರೆ ತಲೆಗೇರಿಸಿಕೊಂಡಳು.

“ಹುಳ ಕಾಯ್ತಾ ಅವೆ,” ಎಂದಳು. “ನೀವ್ ಇನ್ಮೇಲೆ ಬರ್ಬ್ಯಾಡಿ.”

ಹಿಂದೆ ಅವನು ಒಮ್ಮೆ ಹೆಸರು ಹಿಡಿದು ಕರೆದ. ಆಮೇಲೆ ಏನೂ ಕೇಳಿಸಲಿಲ್ಲ, ಆಟೋ ಸ್ಟಾರ್ಟ್ ಆದದ್ದೂ ಇಲ್ಲ. ಅವಳ ಮುಖವೆಲ್ಲ ಒದ್ದೆಯಾಗಿತ್ತು. ಒರೆಸಿಕೊಳ್ಳಲು ನಿಂತರೆ ಮಂಡಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಒರೆಸಿಕೊಳ್ಳದೆ ಹುಳುಮನೆಯವರೆಗೂ ನಡೆದಳು.